ನಗರದ ಋಣ ಯಾರ ಹೆಗಲಿಗೆ?

ಋಣ ಎಂಬುದು ನಮ್ಮ ನೀತಿಚಿಂತನೆಯಲ್ಲಿ ಬಹಳ ಹಳೆಯ ಮಾತು. ದೇವಋಣ, ಋಷಿಋಣ, ಪಿತೃಋಣ ಎಂದು ಹಿರಿಯರು ಮೂರನ್ನು ಎಣಿಸಿದರು. ಮನುಷ್ಯನು ಬರಿಗೈಯಲ್ಲಿ ಹುಟ್ಟುತ್ತಾನೆ ಎನ್ನುತ್ತೇವೆ. ಆದರೆ ಅವನು ಹುಟ್ಟುವುದು ಇನ್ನೊಬ್ಬರು ಕಟ್ಟಿದ ಮನೆಯಲ್ಲಿ, ಇನ್ನೊಬ್ಬರು ತೋಡಿದ ಬಾವಿಯ ಬಳಿ, ಇನ್ನೊಬ್ಬರು ಆಡಿ ಬೆಳೆಸಿದ ನುಡಿಯ ನಡುವೆ. ಹುಟ್ಟಿದ ಕ್ಷಣದಿಂದಲೇ ಅವನು ಸಾಲಗಾರ. ಈ ಋಣಕ್ಕೆ ಎರಡು ಗುಣಗಳಿವೆ. ತೀರಿಸದೆ ಬಿಟ್ಟಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. ಒಬ್ಬನು ತೀರಿಸದೆ ಬಿಟ್ಟದ್ದು ಸದ್ದಿಲ್ಲದೆ ಮತ್ತೊಬ್ಬನ ಹೆಗಲಿಗೆ ಜಾರುತ್ತದೆ.

ಇಂದಿನ ನಗರಗಳ ವಿಷಯದಲ್ಲಿ ಈ ಹಳೆಯ ಮಾತು ಹೊಸ ಅರ್ಥ ಪಡೆಯುತ್ತದೆ. ಹೂಳು ತೆಗೆಯದ ರಾಜಕಾಲುವೆ, ಬದಲಿಸದ ಕೊಳವೆ, ಹಾಕದ ಒಳಚರಂಡಿ, ಕಾಲಕಾಲಕ್ಕೆ ಪರಿಷ್ಕರಿಸದ ನೀರಿನ ದರ, ಇವೆಲ್ಲ ಆಯವ್ಯಯದ ಪುಸ್ತಕದಲ್ಲಿ ಖರ್ಚಾಗದೆ ಉಳಿದ ಹಣವಾಗಿ ಕಾಣುತ್ತವೆ. ನಿಜದಲ್ಲಿ ಅವು ಸಾಲ. ಒಂದು ದಿನ ಕಾಲುವೆ ಉಕ್ಕುತ್ತದೆ, ಕೊಳವೆ ಒಡೆಯುತ್ತದೆ, ಕೊಳವೆಬಾವಿ ಬತ್ತುತ್ತದೆ. ಆಗ ಸಾಲ ವಸೂಲಿಗೆ ಬರುತ್ತದೆ. ಅದು ಯಾರ ಬಾಗಿಲಿಗೆ ಬರುತ್ತದೆ, ಯಾರ ಬಾಗಿಲಿಗೆ ಬರಬೇಕಿತ್ತು ಎಂಬುದೇ ಈ ಬರಹದ ಪ್ರಶ್ನೆ.

ಗುಮ್ಮಘಟ್ಟದಂಥ ಊರಿನಲ್ಲಿ ಕುಳಿತು ಬೆಂಗಳೂರಿನ ಚಿಂತೆ ಮಾಡುವುದೇಕೆ ಎಂದು ಯಾರಾದರೂ ಕೇಳಬಹುದು. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿನ ಪಾಲಾಯಿತು. ಆದೋನಿ, ಆಲೂರು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ ಸೇರಿದವು. ಗಡಿಯ ಗೆರೆ ಎಲ್ಲಿ ಬಿದ್ದರೂ ದುಡಿಮೆಯ ದಾರಿ ಬದಲಾಗಲಿಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಸೀಮೆ ನಮ್ಮದು. ಆ ಮಳೆಯೂ ನೆಚ್ಚಿಕೆಯದಲ್ಲ. ಕಡಲೆಕಾಯಿ ಕೈಕೊಟ್ಟ ವರ್ಷ ರಾಯದುರ್ಗ, ಮಡಕಶಿರದ ಮನೆಗಳಿಂದ ಗಂಟುಮೂಟೆ ಕಟ್ಟಿದವರು ಹೋಗುವುದು ಬೆಂಗಳೂರಿಗೆ. ಅಲ್ಲಿನ ಕಟ್ಟಡಗಳ ಕೆಲಸದಲ್ಲಿ, ಉಡುಪು ಕಾರ್ಖಾನೆಗಳಲ್ಲಿ, ಮನೆಗೆಲಸದಲ್ಲಿ, ಕಾವಲಿನಲ್ಲಿ ನಮ್ಮವರಿದ್ದಾರೆ. ಗಣಕಯಂತ್ರದ ಮುಂದೆ ಕುಳಿತ ನಮ್ಮ ಮಕ್ಕಳೂ ಇದ್ದಾರೆ. ಆ ನಗರ ಕೆಟ್ಟರೆ ನಮ್ಮ ಮನೆಯ ಒಂದು ಕೋಣೆ ಕೆಟ್ಟಂತೆ.

ಇನ್ನೊಂದು ಕಾರಣವೂ ಇದೆ. ಮೇಲಿನವರ ತೀರ್ಮಾನಕ್ಕೆ ಕೆಳಗಿನವರು ಬೆಲೆ ತೆರುವುದೆಂದರೇನೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟುವ ವೇದಾವತಿ ಹಿರಿಯೂರಿನ ಬಳಿ ವಾಣೀವಿಲಾಸ ಸಾಗರದಲ್ಲಿ ನಿಂತು, ಚಳ್ಳಕೆರೆಯ ಸೀಮೆಯನ್ನು ದಾಟಿ, ಹಗರಿ ಎಂಬ ಹೆಸರಿನಿಂದ ನಮ್ಮ ಮಂಡಲದ ಭೈರವಾನಿತಿಪ್ಪ ಜಲಾಶಯಕ್ಕೆ ಬರುತ್ತದೆ. ಬರುತ್ತದೆ ಎಂಬುದು ಭೂಗೋಳದ ಮಾತು. ಮೇಲಿನ ಕೆರೆಕಟ್ಟೆಗಳೆಲ್ಲ ತುಂಬಿ ಮಿಕ್ಕ ವರ್ಷ ಮಾತ್ರ ಅದು ನಿಜವಾಗಿ ಬರುತ್ತದೆ. ವಾಣೀವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹೀಗೆ ಕೆಳಹರಿವಿನಲ್ಲಿ ಬದುಕಿದವರಿಗೆ ಒಂದು ಕಣ್ಣು ಇರುತ್ತದೆ. ನಗರದೊಳಗೂ ಒಂದು ಮೇಲ್ಹರಿವು, ಒಂದು ಕೆಳಹರಿವು ಇರುವುದನ್ನು ಆ ಕಣ್ಣು ಬೇಗ ಗುರುತಿಸುತ್ತದೆ.

ಒಂದು ಸಾರ್ವಜನಿಕ ಸೌಕರ್ಯದ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಉತ್ತರಗಳುಂಟು. ಉಪಯೋಗಿಸುವವನು ಕೊಡಲಿ ಎಂಬುದು ಮೊದಲನೆಯದು. ಕೆಡಿಸಿದವನು ಕೊಡಲಿ ಎಂಬುದು ಎರಡನೆಯದು. ಶಕ್ತಿಯಿರುವವನು ಕೊಡಲಿ ಎಂಬುದು ಮೂರನೆಯದು. ಮೂರರಲ್ಲೂ ನ್ಯಾಯದ ಅಂಶವಿದೆ. ಸಂತೆಯ ಸುಂಕ ಮೊದಲನೆಯದಕ್ಕೆ ಉದಾಹರಣೆ, ದಂಡ ಎರಡನೆಯದಕ್ಕೆ, ದಾಸೋಹ ಮೂರನೆಯದಕ್ಕೆ. ಯಾವುದು ಸರಿ ಎಂದು ವಿದ್ವಾಂಸರು ವಾದಿಸಬಹುದು. ಆದರೆ ನಡೆಯುತ್ತಿರುವುದನ್ನು ನೋಡಿದರೆ ಈ ಮೂರೂ ಅಲ್ಲದ ನಾಲ್ಕನೆಯ ನಿಯಮವೊಂದು ಕೆಲಸ ಮಾಡುತ್ತಿರುವಂತೆ ಕಾಣುತ್ತದೆ: ತಪ್ಪಿಸಿಕೊಳ್ಳಲಾಗದವನು ಕೊಡಲಿ. ಇದನ್ನು ಯಾವ ಶಾಸನಸಭೆಯೂ ಅಂಗೀಕರಿಸಿಲ್ಲ. ಯಾವ ಪಕ್ಷವೂ ಪ್ರಣಾಳಿಕೆಯಲ್ಲಿ ಬರೆದಿಲ್ಲ. ಆದರೂ ಎಲ್ಲ ನಿಯಮಗಳಿಗಿಂತ ಚೆನ್ನಾಗಿ ಜಾರಿಯಲ್ಲಿರುವುದು ಇದೇ.

ಬೆಂಗಳೂರಿನ ನೀರಿನ ಕಥೆಯನ್ನೇ ನೋಡೋಣ. 1896ರಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ಆ ಊರಿಗೆ ಕೊಳವೆಯ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಸೇರಿತು. 1974ರಲ್ಲಿ ಕಾವೇರಿಯ ಮೊದಲ ಹಂತ ಬಂತು. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಎತ್ತಿ ತರುವ ಮಹಾಸಾಹಸ ಅದು. ಅಂಥ ನೀರಿಗೆ ಸಹಜವಾಗಿಯೇ ದುಬಾರಿ ವೆಚ್ಚ ತಗಲುತ್ತದೆ. ಅದರಲ್ಲಿ ವಿದ್ಯುತ್ತಿನದೇ ದೊಡ್ಡ ಪಾಲು. 2007ರಲ್ಲಿ ಸುತ್ತಲ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಆ 110 ಹಳ್ಳಿಗಳು ಹೆಸರಿಗೆ ನಗರವಾದವು. ಮನೆಗಳು ಎದ್ದವು, ತೆರಿಗೆಯೂ ಬಂತು. ಅವುಗಳಿಗಾಗಿಯೇ ಜಪಾನಿನ ಜೈಕಾ ಸಂಸ್ಥೆಯ ಸಾಲದಲ್ಲಿ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಡುವೆ ಕಳೆದದ್ದು 17 ವರ್ಷ.

ಆ 17 ವರ್ಷ ಅಲ್ಲಿನ ಜನ ನೀರು ಕುಡಿಯದೆ ಇರಲಿಲ್ಲ. ಕೊಳವೆಬಾವಿ ಕೊರೆದರು, ಅದು ಬತ್ತಿದಾಗ ಟ್ಯಾಂಕರ್ ಕರೆದರು. 2024ರ ಮಾರ್ಚ್‌ನಲ್ಲಿ ಬರ ಬಿಗಿಯಾದಾಗ, ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಮುಖ್ಯಮಂತ್ರಿಗಳೇ ಹೇಳಿದರು. ಟ್ಯಾಂಕರ್ ದರ ಕೈಮೀರಿದ್ದರಿಂದ ಜಿಲ್ಲಾಡಳಿತ ಮಿತಿ ಹಾಕಬೇಕಾಯಿತು: ಐದು ಕಿಲೋಮೀಟರ್ ಒಳಗಿನ ದೂರಕ್ಕೆ 12,000 ಲೀಟರಿಗೆ ₹1,000, 6,000 ಲೀಟರಿಗೆ ₹600. ಆಗ ಕೊಳವೆ ಸಂಪರ್ಕವಿದ್ದ ಮನೆಗೆ ಜಲಮಂಡಳಿಯ ಮೊದಲ ಹಂತದ ದರ 1,000 ಲೀಟರಿಗೆ ₹7. ಲೆಕ್ಕ ಸರಳ. ಸರ್ಕಾರ ನಿಗದಿಪಡಿಸಿದ ಟ್ಯಾಂಕರ್ ದರದಲ್ಲಿಯೇ ಕೊಂಡರೂ ಸಾವಿರ ಲೀಟರಿಗೆ ₹83ರಿಂದ ₹100. ಸಂಪರ್ಕವಿದ್ದವನಿಗಿಂತ ಸಂಪರ್ಕವಿಲ್ಲದವನು ಅದೇ ನಗರದಲ್ಲಿ ಹನ್ನೆರಡರಿಂದ ಹದಿನಾಲ್ಕು ಪಟ್ಟು ಕೊಟ್ಟನು. ದೊಡ್ಡ ವಸತಿ ಸಮುಚ್ಚಯಗಳವರು ಇದನ್ನು ನಿರ್ವಹಣಾ ಶುಲ್ಕದಲ್ಲಿ ಹಂಚಿಕೊಂಡರು. ತಗಡಿನ ಮನೆಯವರಿಗೆ ಟ್ಯಾಂಕರ್ ನಿಲ್ಲಿಸಲು ತೊಟ್ಟಿಯೂ ಇಲ್ಲ. ಅವರು ಕೊಟ್ಟದ್ದು ಹೊತ್ತನ್ನು, ಬಿಂದಿಗೆಯ ಸಾಲಿನಲ್ಲಿ ನಿಂತು ಕಳೆದುಕೊಂಡ ಅರ್ಧ ದಿನದ ಕೂಲಿಯನ್ನು.

ಇಲ್ಲಿ ಒಂದು ಸೂಕ್ಷ್ಮವಿದೆ. ಬೆಂಗಳೂರಿನ ನೀರಿನ ದರ 2014ರ ನಂತರ ಪರಿಷ್ಕರಣೆಯಾದದ್ದು 2025ರ ಏಪ್ರಿಲ್‌ನಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ದರ ಏರಿಸದಿದ್ದುದಕ್ಕೆ ಬಡವರ ಹಿತ ಎಂಬ ಹೆಸರಿತ್ತು. ಹಾಗೆ ವಾದಿಸಿದವರಲ್ಲಿ ಪ್ರಾಮಾಣಿಕರೂ ಇದ್ದರು. ಆದರೆ ಅಗ್ಗದ ನೀರಿನ ಫಲ ಸಿಗುವುದು ನಲ್ಲಿ ಇರುವವನಿಗೆ. ನಲ್ಲಿಯೇ ಇಲ್ಲದವನಿಗೆ ಅದರಿಂದ ಒಂದು ಬಿಂದಿಗೆಯೂ ಬರಲಿಲ್ಲ. ಬದಲಾಗಿ, ದರದಿಂದ ಬಾರದ ಹಣ ಕೊಳವೆ ಹಾಕುವುದನ್ನು ಮುಂದೂಡಲು ಇನ್ನೊಂದು ಕಾರಣವಾಯಿತು. 2025ರ ಏರಿಕೆ ಮೊದಲ ಹಂತದ ಬಳಕೆಗೆ ಲೀಟರಿಗೆ 0.15 ಪೈಸೆ, ಎಂದರೆ ಸಾವಿರ ಲೀಟರಿಗೆ ಒಂದೂವರೆ ರೂಪಾಯಿ. ಈ ಒಂದೂವರೆ ರೂಪಾಯಿ ಕೇಳಲು ರಾಜಕೀಯಕ್ಕೆ ಹತ್ತು ವರ್ಷ ಧೈರ್ಯ ಬರಲಿಲ್ಲ. ಟ್ಯಾಂಕರಿಗೆ ₹83 ಕೊಡುತ್ತಿದ್ದವನ ಮುಂದೆ ಆ ಅಂಜಿಕೆ ಇರಲಿಲ್ಲ, ಏಕೆಂದರೆ ಅವನಿಂದ ಕೇಳಿದವರು ಯಾರೂ ಮತ ಕೇಳಬೇಕಾದವರಾಗಿರಲಿಲ್ಲ. ಬೆಲೆ ಹೇಳುವ ಧೈರ್ಯವಿಲ್ಲದ ಕರುಣೆ ಹೀಗೆ ಕೊನೆಗೆ ಬಡವನ ಗಂಟಿಗೇ ಕೈಹಾಕುತ್ತದೆ.

ನಗರದ ಋಣ ಅದರ ಗಡಿಯೊಳಗೇ ನಿಲ್ಲುವುದೂ ಇಲ್ಲ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತದ್ದು ಮಂಡೂರು ಎಂಬ ಹಳ್ಳಿ. ಅಲ್ಲಿನ ಜನ ರಸ್ತೆಗಿಳಿದು ಹೋರಾಡಿದ ಮೇಲೆ, 2014ರ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಹೋಗುವುದು ನಿಂತಿತು. ಆ ಹಳ್ಳಿ ಮಾಡದ ಕಸದ ನಾತಕ್ಕೆ, ನೊಣಕ್ಕೆ, ಕೆಟ್ಟ ಬಾವಿಗೆ ನಗರ ಬೆಲೆ ಕಟ್ಟಿರಲಿಲ್ಲ. ಕೋಲಾರದ ಬರಡು ಕೆರೆಗಳಿಗೆ 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರು ಹರಿಯುತ್ತಿದೆ. ಅದರಿಂದ ಅಂತರ್ಜಲ ಏರಿತೆಂದು ಸಂತೋಷಪಡುವ ರೈತರಿದ್ದಾರೆ. ಮೂರನೇ ಹಂತದ ಸಂಸ್ಕರಣೆ ಮಾಡಿಯೇ ಕೊಡಿ ಎಂದು ಕೇಳುತ್ತಿರುವ ರೈತರೂ ಇದ್ದಾರೆ. ಎರಡನ್ನೂ ಕೇಳಬೇಕು. ಕಾವೇರಿ ವಿವಾದದಲ್ಲಿ 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿ.ಎಂ.ಸಿ. ನೀರಿನಲ್ಲಿ 4.75 ಬೆಂಗಳೂರಿನ ಬಾಯಾರಿಕೆಗಾಗಿ. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂಬ ನ್ಯಾಯಮಂಡಳಿಯ ಹಿಂದಿನ ಎಣಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಕುಡಿಯುವ ನೀರಿನ ಹಕ್ಕಿಗೆ ಕೊಳ್ಳದ ಗೆರೆ ಅಡ್ಡಬರಬಾರದು ಎಂಬ ನಿಲುವು ಮಾನವೀಯವಾದುದೇ. ಆದರೆ ಆ ನೀರು ಯಾರದೋ ಪಾಲಿನಿಂದ ಬಂದದ್ದು. ಹಾಗೆ ಪಡೆದ ನೀರನ್ನು ಸೋರುವ ಕೊಳವೆಯಲ್ಲಿ ಹರಿಯಬಿಡುವುದು ನಿರ್ವಹಣೆಯ ದೋಷ ಮಾತ್ರವಲ್ಲ. ಕೊಟ್ಟವನಿಗೆ ಬಗೆಯುವ ದ್ರೋಹ.

ಇನ್ನು ದೇಹದಿಂದಲೇ ಋಣ ತೀರಿಸುವವರು. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಬಹಳಷ್ಟು ಮಂದಿ ದಲಿತರು. ಅವರಲ್ಲಿ ಹಲವರು ತೆಲುಗು ಮನೆಮಾತಿನವರು, ನಮ್ಮ ರಾಯಲಸೀಮೆಯ ಮೂಲದವರು. ಮನುಷ್ಯರನ್ನು ಮಲಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಅದಾದ ಮೇಲೂ ಗುಂಡಿಗಿಳಿದವರು ಉಸಿರುಗಟ್ಟಿ ಸತ್ತಿದ್ದಾರೆ. ಯಂತ್ರಕ್ಕೆ ಹಾಕಬೇಕಾಗಿದ್ದ ಹಣವನ್ನು ಹಾಕದೆ ಉಳಿಸಿದ ಲೆಕ್ಕದ ಇನ್ನೊಂದು ಮಗ್ಗುಲು ಇದು. 2022ರ ಆಗಸ್ಟ್ ಕೊನೆಯಲ್ಲಿ ಮಳೆಗೆ ಹೊರವರ್ತುಲ ರಸ್ತೆ ಮುಳುಗಿದಾಗ ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗಳಿಗೆ ಪತ್ರ ಬರೆದು ₹225 ಕೋಟಿ ನಷ್ಟವಾಯಿತೆಂದು ತಿಳಿಸಿತು. ಲೆಕ್ಕ ಇಡುವವರಿದ್ದರು, ಲೆಕ್ಕ ಬಂತು. ಅದೇ ನೀರಿನಲ್ಲಿ ಅಕ್ಕಿಯ ಡಬ್ಬ, ಮಕ್ಕಳ ಪುಸ್ತಕ, ನಾಲ್ಕು ದಿನದ ಕೂಲಿ ಕಳೆದುಕೊಂಡವರ ಮೊತ್ತವನ್ನು ಯಾವ ಪತ್ರವೂ ಹೇಳಲಿಲ್ಲ. ನಷ್ಟವನ್ನು ಅಂಕಿಯಲ್ಲಿ ಹೇಳಬಲ್ಲವನ ನಷ್ಟ ಮಾತ್ರ ಸರ್ಕಾರಕ್ಕೆ ನಷ್ಟವಾಗಿ ಕಾಣುವುದು ಪ್ರಜಾಪ್ರಭುತ್ವದ ಒಂದು ಕುರುಡು.

ಇಲ್ಲಿಂದ ರಾಜ್ಯ ರಾಜಕಾರಣದ ಪ್ರಶ್ನೆಗೆ ಬರಬೇಕು, ಏಕೆಂದರೆ ಈ ಕುರುಡನ್ನು ಕಾಪಾಡುವ ಗೋಡೆ ಅಲ್ಲಿಯೇ ಇದೆ. ನಗರ ಹೇಳುತ್ತದೆ: ರಾಜ್ಯದ ಬೊಕ್ಕಸ ತುಂಬುವವರು ನಾವು, ನಮಗೆ ಮರಳಿ ಬರುವುದು ಅಲ್ಪ. ಕಲಬುರಗಿ, ರಾಯಚೂರು, ಚಿತ್ರದುರ್ಗದ ಜನ ಹೇಳುತ್ತಾರೆ: ಎಲ್ಲ ಹಣವೂ ಬೆಂಗಳೂರಿಗೇ ಹೋಗುತ್ತಿದೆ. ರಾಜ್ಯ ಹೇಳುತ್ತದೆ: ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ 14ನೇ ಹಣಕಾಸು ಆಯೋಗ ಕೊಟ್ಟಿದ್ದ 4.713 ಶೇಕಡಾ ಪಾಲನ್ನು 15ನೇ ಆಯೋಗ 3.647ಕ್ಕೆ ಇಳಿಸಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕದ ಮಂತ್ರಿಮಂಡಲವೇ ದೆಹಲಿಗೆ ಹೋಗಿ ಧರಣಿ ಕುಳಿತಿತು. ಬಡ ರಾಜ್ಯಗಳಿಗೆ ಹೆಚ್ಚು ಕೊಡುವುದು ಒಕ್ಕೂಟದ ಧರ್ಮವೆಂಬುದು ಕೇಂದ್ರದ ಉತ್ತರ. ಪ್ರತಿಯೊಂದು ಮಾತಿನಲ್ಲೂ ಸತ್ಯದ ಒಂದು ಚೂರು ಇದೆ. ಆದರೆ ಎಲ್ಲರೂ ಬೆರಳು ಮೇಲಕ್ಕೆ ತೋರಿಸುವ ಈ ಸಾಲಿನಲ್ಲಿ ಕಟ್ಟಕಡೆಗೆ ನಿಂತವನಿಗೆ ತೋರಿಸಲು ಯಾರೂ ಇಲ್ಲ. ಅವನು ಗಂಟು ಬಿಚ್ಚುತ್ತಾನೆ.

ಮೆಟ್ರೋ ರೈಲಿನ ದರದ ಪ್ರಸಂಗ ಇದಕ್ಕೆ ಹೊಸ ನಿದರ್ಶನ. ಬೆಂಗಳೂರಿನ ಮೆಟ್ರೋ ಕೇಂದ್ರ, ರಾಜ್ಯ ಎರಡರ ಸಮಪಾಲಿನ ಸಂಸ್ಥೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ ₹60ರಿಂದ ₹90ಕ್ಕೆ ಏರಿತು. ಜನ ಸಿಟ್ಟಾದಾಗ ರಾಜ್ಯದವರು ಕೇಂದ್ರವನ್ನು, ಕೇಂದ್ರದ ಪಕ್ಷದವರು ರಾಜ್ಯವನ್ನು ದೂರಿದರು. ಉದ್ಘಾಟನೆಯ ದಿನ ಇಬ್ಬರೂ ಒಡೆಯರು. ದರ ಏರಿದ ದಿನ ಇಬ್ಬರೂ ಹೊರಗಿನವರು. ನಗರಾಡಳಿತದ ಸ್ಥಿತಿ ಇದಕ್ಕಿಂತ ವಿಚಿತ್ರ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, 12ನೇ ಅನುಸೂಚಿಯಲ್ಲಿ 18 ವಿಷಯಗಳನ್ನು ನಗರ ಸಂಸ್ಥೆಗಳಿಗಾಗಿ ಪಟ್ಟಿ ಮಾಡಿತು. ಆದರೆ ಬೆಂಗಳೂರಿನ ನೀರು, ಬಸ್ಸು, ಬಡಾವಣೆ ಎಲ್ಲವೂ ರಾಜ್ಯ ಸರ್ಕಾರದ ಬೇರೆ ಬೇರೆ ಮಂಡಳಿ, ನಿಗಮ, ಪ್ರಾಧಿಕಾರಗಳ ಕೈಯಲ್ಲಿವೆ. ಇದ್ದ ಪಾಲಿಕೆಗೂ 2015ರ ನಂತರ ಚುನಾವಣೆ ನಡೆಯಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಗಳ ಕಾಲ ಆರಂಭವಾಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ರಚನೆಯಾಗಿ ಪಾಲಿಕೆ ಐದಾಗಿ ಒಡೆಯುವವರೆಗೆ, ಐದು ವರ್ಷ, ಕೋಟಿಗೂ ಮೀರಿದ ಜನರ ನಗರವೊಂದು ತನ್ನ ಬೀದಿಯ ಪ್ರತಿನಿಧಿಯಿಲ್ಲದೆ ನಡೆಯಿತು. 2022ರ ನೆರೆ, 2024ರ ನೀರಿನ ಬರ ಎರಡೂ ಆ ಐದು ವರ್ಷಗಳಲ್ಲಿಯೇ ಬಂದವು. ಮನೆಯ ಮುಂದೆ ಚರಂಡಿ ಉಕ್ಕಿದಾಗ ಯಾರ ಬಾಗಿಲು ತಟ್ಟಬೇಕೆಂಬುದೇ ತಿಳಿಯದಿದ್ದರೆ ತೆರಿಗೆಗೂ ಕಪ್ಪಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಬೆಂಗಳೂರಿನ ಮತದಾರನ ಸ್ಥಿತಿಯೇ ಹೀಗಿದ್ದರೆ ನಮ್ಮವರ ಸ್ಥಿತಿ ಏನು? ಅಲ್ಲಿ ವರ್ಷದ ಎಂಟು ತಿಂಗಳು ದುಡಿದರೂ ಹಲವರ ಹೆಸರು ಇರುವುದು ಇಲ್ಲಿನ ಮತದಾರರ ಪಟ್ಟಿಯಲ್ಲಿ, ಪಡಿತರ ಚೀಟಿ ಇಲ್ಲಿನದು, ಆಧಾರ್ ವಿಳಾಸ ಇಲ್ಲಿನದು. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಆ ರಾಜ್ಯದ ನಿವಾಸಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟಿದೆ. ಆಂಧ್ರದ ಸ್ತ್ರೀ ಶಕ್ತಿ ಯೋಜನೆ 2025ರ ಆಗಸ್ಟ್ 15ರಿಂದ ಇಲ್ಲಿನ ಮಹಿಳೆಯರಿಗೆ ಕೊಟ್ಟಿದೆ. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಗುಮ್ಮಘಟ್ಟದ ವಿಳಾಸವಿರುವ ಹೆಣ್ಣುಮಗಳು ಬೆಂಗಳೂರಿನಲ್ಲಿ ಮನೆಗೆಲಸಕ್ಕೆ ಹೋಗುವಾಗ ಟಿಕೆಟ್ ಕೊಳ್ಳುತ್ತಾಳೆ. 2025ರ ಜನವರಿಯಲ್ಲಿ 15 ಶೇಕಡಾ ಏರಿದ ದರವನ್ನೇ ಕೊಡುತ್ತಾಳೆ. ಅವಳು ಕೊಳ್ಳುವ ಸೋಪು, ಔಷಧಿ, ಚಪ್ಪಲಿಯ ಮೇಲಿನ ತೆರಿಗೆಯಲ್ಲಿ ಕರ್ನಾಟಕದ ಪಾಲಿದೆ. ಬಾಡಿಗೆಯಲ್ಲಿ ಮನೆಯೊಡೆಯನ ಆಸ್ತಿ ತೆರಿಗೆ ಅಡಗಿದೆ. ಅವಳು ಕೊಡದ ತೆರಿಗೆಯಿಲ್ಲ. ಅವಳನ್ನು ಕೇಳುವ ಸಭೆಯಿಲ್ಲ. ಇದಕ್ಕೆ ಯಾವ ಒಬ್ಬ ಅಧಿಕಾರಿಯ ದುರುದ್ದೇಶವೂ ಬೇಕಾಗಿಲ್ಲ. ಸವಲತ್ತು ವಿಳಾಸವನ್ನು ನೋಡಿ ಬರುತ್ತದೆ, ಹೊರೆ ವಿಳಾಸ ಕೇಳದೆ ಬರುತ್ತದೆ, ಅಷ್ಟೇ.

ಈ ಮಾತು ಬೆಂಗಳೂರಿಗೆ ಮಾತ್ರ ಸಲ್ಲುವುದೆಂದು ತಿಳಿಯಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟು ಅದು, 33 ಗೇಟುಗಳು. ತುಂಬಿದ್ದ ಜಲಾಶಯದಿಂದ ಹತ್ತಾರು ಟಿ.ಎಂ.ಸಿ. ನೀರು ನದಿಗೆ ಹೋಯಿತು. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟನ್ನು ಒಂದು ವಾರದೊಳಗೆ ಕೂರಿಸಿದ ತಜ್ಞರ, ಕಾರ್ಮಿಕರ ಸಾಹಸಕ್ಕೆ ಎರಡೂ ರಾಜ್ಯಗಳ ರೈತರು ಕೈಮುಗಿದರು. ಆದರೆ ಮರುವರ್ಷ ಉಳಿದ ಗೇಟುಗಳ ದುರ್ಬಲತೆಯ ಕಾರಣ 80 ಟಿ.ಎಂ.ಸಿ.ಗಿಂತ ಹೆಚ್ಚು ನೀರು ನಿಲ್ಲಿಸಬಾರದೆಂದು ಮಿತಿ ಹಾಕಬೇಕಾಯಿತು. ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದ ಆಗಲೇ ಸುಮಾರು 105ಕ್ಕೆ ಇಳಿದಿತ್ತು. ಗೇಟಿನ ಸರಪಳಿಗೆ ರಾಜ್ಯದ ಭಾಷೆ ಗೊತ್ತಿಲ್ಲ. ಮಂಡಳಿ ಹಲವರದು, ವೆಚ್ಚ ಹಲವರದು, ಹೊಣೆ ಮಾತ್ರ ಯಾರದೆಂದು ವಾರಗಟ್ಟಲೆ ವಾದ ನಡೆಯಿತು. ಎರಡನೇ ಬೆಳೆ ಬಿಟ್ಟವನಿಗೆ, ಅವನು ಬಳ್ಳಾರಿಯವನಾಗಲಿ ಅನಂತಪುರದ ಮೇಲ್ಮಟ್ಟದ ಕಾಲುವೆಯವನಾಗಲಿ, ಆ ವಾದದಿಂದ ಒಂದು ತೆನೆಯೂ ಬೆಳೆಯಲಿಲ್ಲ.

ಹಾಗಾದರೆ ದಾರಿಯೇನು? ನಮ್ಮ ಸೀಮೆಯ ಶಾಸನಗಳಲ್ಲಿ ಕೆರೆಗೊಡಗೆ, ಕಟ್ಟುಗೊಡಗೆ, ಬಿತ್ತುವಟ್ಟ, ದಸವಂದ ಎಂಬ ಶಬ್ದಗಳು ಬರುತ್ತವೆ. ಕೆರೆ ಕಟ್ಟಿಸುವುದು ಪುಣ್ಯ. ಆದರೆ ಕೆರೆಯನ್ನು ಪುಣ್ಯದ ಭರವಸೆಯ ಮೇಲೆ ಬಿಡುತ್ತಿರಲಿಲ್ಲ. ಏರಿಯ ದುರಸ್ತಿಗೆ, ಹೂಳು ತೆಗೆಯುವುದಕ್ಕೆ ಆ ಕೆರೆಯ ನೀರಿನಿಂದಲೇ ಬೆಳೆಯುವ ನೆಲದ ಒಂದು ಪಾಲನ್ನು ಮೊದಲೇ ತೆಗೆದಿಡುತ್ತಿದ್ದರು. ಕಟ್ಟುವ ದಿನವೇ ಕಾಪಾಡುವ ವೆಚ್ಚಕ್ಕೆ ಹೆಸರು ಬರೆಯುವ ಈ ವಿವೇಕ ಇಂದಿನ ಉದ್ಘಾಟನೆಯ ಕಲ್ಲುಗಳಲ್ಲಿ ಕಾಣುವುದಿಲ್ಲ. ಹಳೆಯದನ್ನು ಹೊಗಳುವಾಗ ಒಂದು ಎಚ್ಚರವೂ ಬೇಕು. ಅದೇ ಕಾಲದಲ್ಲಿ ಬಿಟ್ಟಿ ಎಂಬ ಶಬ್ದವೂ ಇತ್ತು. ಮಣ್ಣು ಹೊತ್ತವರಲ್ಲಿ ಎಷ್ಟೋ ಮಂದಿಗೆ ಕೂಲಿಯೂ ಇರಲಿಲ್ಲ, ಆ ಕೆರೆಯ ನೀರು ಮುಟ್ಟುವ ಹಕ್ಕೂ ಇರಲಿಲ್ಲ. ಕೊಡಗೆಯ ವಿವೇಕವನ್ನು ಉಳಿಸಿಕೊಂಡು ಬಿಟ್ಟಿಯ ಅನ್ಯಾಯವನ್ನು ಬಿಡಬೇಕಾಗಿತ್ತು. ನಮ್ಮ ನಗರಗಳು ಕೊಡಗೆಯನ್ನು ಮರೆತು, ಬಿಟ್ಟಿಯನ್ನು ಬೇರೆ ರೂಪದಲ್ಲಿ ಉಳಿಸಿಕೊಂಡವು. ಬಿಂದಿಗೆಯ ಸಾಲಿನಲ್ಲಿ ಕಳೆಯುವ ಹೊತ್ತು ಬಿಟ್ಟಿಯಲ್ಲದೆ ಮತ್ತೇನು?

ಈ ವಿಚಾರದ ತಿರುಳನ್ನು ಒಂದು ಕಟ್ಟಳೆಯ ರೂಪದಲ್ಲಿ ಹೀಗೆ ಹೇಳಬಹುದು. ಉಪಯೋಗಿಸುವವನು ಕೊಡಲಿ, ಕೆಡಿಸಿದವನು ಕೊಡಲಿ, ಶಕ್ತಿಯಿರುವವನು ಕೊಡಲಿ ಎಂಬ ಮೂರರಲ್ಲಿ ಯಾವುದನ್ನು ಆರಿಸಿದರೂ ಆಗಬಹುದು, ಅಥವಾ ಮೂರನ್ನೂ ಬೆರೆಸಬಹುದು. ಒಂದು ಷರತ್ತು ಮಾತ್ರ ಬಿಡುವಂತಿಲ್ಲ. ಕೊಡುವವನ ಮುಂದೆ ಲೆಕ್ಕ ಬಿಚ್ಚಿರಬೇಕು. ತೀರ್ಮಾನದ ಜಗಲಿಯಲ್ಲಿ ಅವನಿಗೂ ಕೂರಲು ಚಾಪೆ ಇರಬೇಕು. ಹಣದಲ್ಲಿ ಕೊಡುವವನ ಲೆಕ್ಕದಂತೆಯೇ ಹೊತ್ತಿನಲ್ಲಿ, ಆರೋಗ್ಯದಲ್ಲಿ, ಬೆಳೆಯಲ್ಲಿ ಕೊಡುವವನ ಲೆಕ್ಕವೂ ಅದೇ ಪುಸ್ತಕಕ್ಕೆ ಏರಬೇಕು. ಹಾಗೆ ಏರಿದ ದಿನ ಹಾಕದ ಕೊಳವೆ ಉಳಿತಾಯವಾಗಿ ಕಾಣುವುದು ನಿಲ್ಲುತ್ತದೆ.

ಇದಕ್ಕೊಂದು ಆಕ್ಷೇಪವುಂಟು. ಎಲ್ಲರನ್ನೂ ಕೇಳುತ್ತ ಕೂತರೆ ಯಾವ ಕೆಲಸವೂ ಆಗುವುದಿಲ್ಲ, ನಗರಕ್ಕೆ ಬೇಕಾದುದು ಗಟ್ಟಿ ಕೈ, ದೊಡ್ಡ ಸಭೆಯಲ್ಲ ಎನ್ನುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ, ಸಭೆಗಳು ಕೆಲಸವನ್ನು ಕೊಂದ ಉದಾಹರಣೆಗಳು ನಮ್ಮ ಊರುಗಳಲ್ಲೂ ಇವೆ. ಆದರೆ ಬೆಂಗಳೂರು ಐದು ವರ್ಷ ಚುನಾಯಿತ ಸಭೆಯಿಲ್ಲದೆ, ಅಧಿಕಾರಿಗಳ ಕೈಯಲ್ಲೇ ನಡೆಯಿತಲ್ಲ. ಕಾಲುವೆ ಆ ಐದು ವರ್ಷಗಳಲ್ಲಿ ಉಕ್ಕುವುದನ್ನು ಬಿಡಲಿಲ್ಲ. ಕೇಳದಿರುವುದರಿಂದ ವೇಗ ಬರುತ್ತದೆಂಬುದಕ್ಕೆ ಸಾಕ್ಷಿ ಸಿಗಲಿಲ್ಲ. ಕೇಳದಿದ್ದಾಗ ಹೊರೆ ಹಗುರವಾದಂತೆ ಮೇಲಿನವರಿಗೆ ಕಾಣುತ್ತದೆ, ಏಕೆಂದರೆ ಅದು ಅವರ ಹೆಗಲ ಮೇಲಿಲ್ಲ.

ನಮ್ಮ ಸಂಘದ ಮನೆಗಳಲ್ಲಿ ಎರಡೂ ದಡದವರಿದ್ದಾರೆ. ಬೆಂಗಳೂರಿನ ಹೊಸ ಬಡಾವಣೆಯಲ್ಲಿ ನಿವೇಶನ ಕೊಂಡು ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರಿದ್ದಾರೆ. ಅಂಥದೇ ಬಡಾವಣೆಯ ಅಂಚಿನ ತಗಡಿನ ಸಾಲಿನಲ್ಲಿ ಇರುವವರೂ ಇದ್ದಾರೆ. ಭಾಷೆ ಇಬ್ಬರನ್ನೂ ಒಂದೇ ಚಪ್ಪರದಡಿ ಕೂರಿಸಿದೆ. ಆ ಭಾಷೆಗೆ ನಾವು ಸಲ್ಲಿಸಬಹುದಾದ ಋಣಗಳಲ್ಲಿ ಇದೂ ಒಂದು: ಕನ್ನಡದ ಹೆಸರಿನಲ್ಲಿ ಬೆಂಗಳೂರನ್ನು ನಮ್ಮದೆಂದು ಹೆಮ್ಮೆಪಡುವಾಗ, ಆ ನಗರದ ಹೊರೆ ಹೊತ್ತವನು ಕನ್ನಡಿಗನೋ ತೆಲುಗನೋ ತಮಿಳನೋ ಬಿಹಾರದವನೋ ಎಂದು ನೋಡದೆ ಅವನ ಲೆಕ್ಕವನ್ನೂ ಕೇಳುವುದು. ಮನೆಯ ಒಡೆಯನಾದವನು ತನ್ನ ಬಾಡಿಗೆದಾರನಿಗೆ ನೀರು ಎಲ್ಲಿಂದ, ಯಾವ ಬೆಲೆಗೆ ಬರುತ್ತಿದೆ ಎಂದು ವಿಚಾರಿಸುವುದು. ದರ ಏರಿದಾಗ ಬರಿದೆ ಸಿಟ್ಟಾಗದೆ, ಏರಿದ ಹಣದಿಂದ ಯಾವ ಬೀದಿಗೆ ಕೊಳವೆ ಹೋಯಿತೆಂದು ಪಟ್ಟಿ ಕೇಳುವುದು. ಮತ ಕೇಳಲು ಇಲ್ಲಿಗೆ ಬರುವವರಿಗೆ, ಗಡಿಯಾಚೆ ದುಡಿಯುವ ನಮ್ಮವರ ಪಡಿತರ, ಬಸ್ಸು, ಮಕ್ಕಳ ಶಾಲೆಯ ವಿಷಯದಲ್ಲಿ ಪಕ್ಕದ ರಾಜ್ಯದೊಂದಿಗೆ ಏನು ಮಾತಾಡಿದಿರಿ ಎಂದು ಕೇಳುವುದು. ಮುಂದೆ ಭೈರವಾನಿತಿಪ್ಪಕ್ಕೆ ನೀರು ತರುವ ಯೋಜನೆ ಯಾವುದೇ ಬರಲಿ, ಕಟ್ಟುವ ವೆಚ್ಚದ ಜೊತೆಗೆ ಕಾಪಾಡುವ ವೆಚ್ಚ ಎಲ್ಲಿ ಬರೆದಿದೆ ಎಂದು ಮೊದಲ ದಿನವೇ ಕೇಳುವುದು.

ಇವೆಲ್ಲ ಸಣ್ಣ ಪ್ರಶ್ನೆಗಳು. ಒಂದು ಸಂಘಕ್ಕೆ, ಒಂದು ಗ್ರಾಮಸಭೆಗೆ, ಒಬ್ಬ ಮನೆಯೊಡೆಯನಿಗೆ ಕೇಳಲು ಸಾಧ್ಯವಾದವು. ಋಣ ಯಾರದೆಂದು ಕೇಳುವವರಿಲ್ಲದ ಕಡೆ ಅದು ಬಲಹೀನನ ಹೆಗಲನ್ನು ಹುಡುಕಿಕೊಂಡು ಹೋಗುತ್ತದೆ. ಕೇಳುವವರು ಇರುವ ಕಡೆ ಅದು ಕೊಡಬೇಕಾದವನ ಬಾಗಿಲಲ್ಲಿ ಸ್ವಲ್ಪ ಹೊತ್ತಾದರೂ ನಿಲ್ಲುತ್ತದೆ.